ದಾರಿ ಬಂತಾ ನೋಡಿ

ನವೆಂಬರ್ ೯, ಭಾನುವಾರ

ಪ್ರೀತಿಯ ಗುಬ್ಬಿ,

ಚೆನ್ನಾಗಿದ್ದೀಯಾ? ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಅಮ್ಮ ಉತ್ತರ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀಯ, ಬೈದುಕೋ. ಬರೆಯಲು ಕೂರುವುದು, ಅರ್ಧ ಹಾಳೆ ತುಂಬಿಸುವುದು, ಹರಿದುಹಾಕುವುದು, ಹೀಗೇ ಆಯಿತು. ಮುದ್ರಣಾಲಯದಲ್ಲಿ ಬೇರೆಯವರ ಕರಡು ತಿದ್ದಿ ತಿದ್ದಿ ಈಗ ಸ್ವಂತದ ನಾಲ್ಕು ಸಾಲು ಬರೆದರೂ ಪ್ರತಿ ಪದವನ್ನು ಹೊಡೆದುಹಾಕಬೇಕು ಎನಿಸುತ್ತದೆ. ಇವತ್ತು ಒಂದನ್ನೂ ಹೊಡೆಯುವುದಿಲ್ಲ ಎಂದು ನಿಶ್ಚಯಿಸಿ ಕುಳಿತಿದ್ದೇನೆ. ಅಕ್ಷರ ಸೊಟ್ಟಗಾದರೆ ಸಹಿಸಿಕೋ.

ನಿಮ್ಮ ಭೂವಿಜ್ಞಾನ ಶಿಬಿರದ ಡೇರೆ ಗಾಳಿಗೆ ಹಾರಿದ್ದು, ಅಡುಗೆಯವನು ಅದರ ಹಗ್ಗ ಹಿಡಿದುಕೊಂಡು ಅರ್ಧ ಬಯಲು ಓಡಿದ್ದು ಓದಿ ನಕ್ಕೆ. ನೀನು ಕಳಿಸಿದ ಬೂದು ಕಲ್ಲು ಬಂತು. ಅದಕ್ಕೆ ನಮ್ಮ ಮನೆಯಲ್ಲಿ ಎಂಥ ಕೆಲಸ ಸಿಕ್ಕಿದೆ ಎಂದು ಮುಂದೆ ಹೇಳುತ್ತೇನೆ.

ಕಾಗದದ ಕೊನೆಯಲ್ಲಿ ನೀನು ಬರೆದಿದ್ದೆ: "ವಾರಕ್ಕೊಮ್ಮೆ ಗುಡ್ಡ ಹತ್ತಿ, ಸಿಗ್ನಲ್ ಹುಡುಕಿ ಫೋನ್ ಮಾಡ್ತೀನಿ. ಅಪ್ಪ 'ಹೇಗಿದ್ದೀಯಾ, ಊಟ ಆಯ್ತಾ' ಅಂತಾರೆ, ಆಮೇಲೆ ಫೋನ್ ನಿನ್ನ ಕೈಗೆ ಕೊಟ್ಟುಬಿಡ್ತಾರೆ. ಅವರ ಕೆಲಸ ಕಲೀದೆ ಕಲ್ಲು ಒಡೆಯೋಕೆ ಬಂದೆ ಅಂತ ಇನ್ನೂ ಕೋಪನಾ?"

ಇಲ್ಲ ಕಣೇ. ಕೋಪವಾಗಿದ್ದರೆ ನಾನು ಎಂದೋ ಬರೆದುಬಿಡುತ್ತಿದ್ದೆ. ಅಪ್ಪನ ಕೋಪ ನಮಗೆ ಹೊಸದೇ? ಹಾಲು ಉಕ್ಕಿದ ಹಾಗೆ ಬಂದು ಹಾಗೇ ಇಳಿಯುವಂಥದ್ದು.

ಶುರುವಾದದ್ದು ಬೇಸಿಗೆಯಲ್ಲಿ. ಅಪ್ಪ ಕೆಲಸ ಮಾಡುವ ಆಸ್ಪತ್ರೆಯವರು ರಸ್ತೆಯಾಚೆ ರಕ್ತಪರೀಕ್ಷೆಗೆಂದೇ ಒಂದು ಹೊಸ ಕಟ್ಟಡ ಕಟ್ಟಿದರಲ್ಲ, ಅದರ ಕಂಪ್ಯೂಟರ್ ಜಾಲದ ರೂಟರನ್ನು ಹಳೆಯ ಕಟ್ಟಡದ ರೂಟರಿಗೆ ಜೋಡಿಸುವ ಕೆಲಸ ಅಪ್ಪನದು. ಇಂಥ ಜೋಡಣೆಯನ್ನು ಅವರು ನಿದ್ದೆಯಲ್ಲೂ ಮಾಡಬಲ್ಲವರು. ಮಾಡಿದರು. ಎರಡು ರೂಟರುಗಳೂ ಪರಸ್ಪರ ನೆರೆಯವರೆಂದು ಒಪ್ಪಿಕೊಂಡವು. ಪರದೆಯ ಮೇಲೆ "ಫುಲ್" ಎಂದು ಬಂತು. ಸ್ನೇಹ ಪೂರ್ತಿಯಾಯಿತು ಎಂದು ಅದರರ್ಥ. ಅಪ್ಪ ಕೈ ಒರೆಸಿಕೊಂಡು ಮನೆಗೆ ಬಂದರು.

ಮರುದಿನ ಬೆಳಿಗ್ಗೆ ಹೊಸ ಕಟ್ಟಡದಿಂದ ಒಂದು ವರದಿಯೂ ಹಳೆಯ ಕಟ್ಟಡಕ್ಕೆ ಬರಲಿಲ್ಲ. ನರ್ಸುಗಳು ಚೀಟಿ ಹಿಡಿದುಕೊಂಡು ರಸ್ತೆ ದಾಟಿ ಓಡಾಡಿದರಂತೆ. ಯಾರಿಗೂ ಏನೂ ಆಗಲಿಲ್ಲ, ಅಷ್ಟು ಪುಣ್ಯ.

ಸಂಜೆ ಜಿರಾಫೆ ಮನೆಗೆ ಬಂದ. ನೆನಪಿದ್ದಾನಲ್ಲ, ಅಪ್ಪನ ಕೈಕೆಳಗೆ ಏಣಿಯಿಲ್ಲದೆ ಚಾವಣಿಯ ಕೇಬಲ್ ಎಳೆಯುತ್ತಿದ್ದ, ಅದಕ್ಕೇ ಅಪ್ಪ ಆ ಹೆಸರಿಟ್ಟ ಉದ್ದನೆಯ ಹುಡುಗ? ಈಗ ಅವನ ಮೀಸೆಯೂ ನರೆತಿದೆ. ಅಪ್ಪ ಸ್ನಾನಕ್ಕೆ ಹೋದ ಮೇಲೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತ.

"ಅಕ್ಕಾ, ಸರ್ ಹುಷಾರಾಗಿದ್ದಾರಾ?"

"ಇದ್ದಾರಲ್ಲ. ಯಾಕೋ?"

"ಒಂದು ಕಡೆ ಬ್ರಾಡ್‌ಕಾಸ್ಟ್ ಅಂತ ಬಿಟ್ಟಿದ್ರು, ಇನ್ನೊಂದು ಕಡೆ ಪಾಯಿಂಟ್ ಟು ಪಾಯಿಂಟ್ ಅಂತ ಹಾಕಿದ್ರು. ಹಂಗೆ ಬಿಟ್ರೆ ಹಲೋ ಹಲೋ ಅಂತ ಮಾತಾಡ್ಕೊಂಡಿರ್ತವೆ, ಫುಲ್ ಅಂತಾನೂ ತೋರಿಸ್ತವೆ. ಮಾಹಿತಿ ಹೋಗೋ ದಾರಿ ಮಾತ್ರ ಹುಟ್ಟಲ್ಲ. ನಾನು ಕೆಲಸಕ್ಕೆ ಸೇರಿದ ಮೊದಲನೇ ದಿನ ಸರ್ ಹೇಳಿಕೊಟ್ಟಿದ್ದೇ ಇದು. 'ಫುಲ್ ಅಂತ ಕಂಡ ತಕ್ಷಣ ಕುಣೀಬೇಡ, ದಾರಿ ಬಂತಾ ನೋಡು' ಅಂತ. ಅದನ್ನ ಬರೆದು ರೂಮಿನ ಬಾಗಿಲಿಗೆ ಬೇರೆ ಅಂಟಿಸಿದ್ದಾರೆ. ನಿನ್ನೆ ನಾನೇ ಕೇಳ್ದೆ, ಸರ್, ದಾರಿ ಬಂದಿಲ್ವಲ್ಲ ಅಂತ. 'ಫುಲ್ ಇದೆಯಲ್ಲೋ, ನಡಿ ಹೋಗೋಣ' ಅಂದ್ರು."

"ಸುಸ್ತಾಗಿತ್ತೇನೋ."

"ಅಕ್ಕಾ, ನನ್ನ ಹೆಸರು ಹಿಡಿದು ಕರೆದ್ರು. ಜಿರಾಫೆ ಅನ್ನಲೇ ಇಲ್ಲ."

ಅವನು ನಗಲಿಲ್ಲ. ನನಗೂ ನಗು ಬರಲಿಲ್ಲ.

ಆಮೇಲಿನದು ನೀನೇ ಊಹಿಸಬಹುದು. ಬೀಗದ ಕೈ ಫ್ರಿಜ್ಜಿನಲ್ಲಿ ಸಿಕ್ಕಿತು. ಬಸ್ಸಿಳಿದು ಬೇರೆ ಬೀದಿಗೆ ಹೋಗಿ ಯಾರದೋ ಬಾಗಿಲು ತಟ್ಟಿದರು. ವೈದ್ಯೆ ಮಿದುಳಿನ ಚಿತ್ರ ತೆಗೆಸಿದರು, ಕಾಗದದ ಮೇಲೆ ಗಡಿಯಾರ ಬರೆಯಲು ಹೇಳಿದರು. ಅಪ್ಪ ಮುಳ್ಳುಗಳನ್ನು ಗಡಿಯಾರದ ಹೊರಗೆ ಬರೆದರು. ಮರೆವಿನ ಕಾಯಿಲೆ, ಗುಬ್ಬಿ. ಐವತ್ತಾರಕ್ಕೆ ಬರುತ್ತದೆಯೇ ಎಂದು ಕೇಳಿದೆ. ಬರುತ್ತದೆ ಎಂದರು. ಕಡಿಮೆಯಾಗುತ್ತದೆಯೇ ಎಂದು ಕೇಳಿದೆ. ಅವರು ಅಪ್ಪನ ಕಡೆ ನೋಡಿ, ಗೊತ್ತಿರುವ ವಿಷಯಗಳನ್ನೇ ದಿನಾ ಮಾಡಿಸಿ ಎಂದರು. ಅದು ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ನಿನಗೆ ಹೇಳಲಿಲ್ಲ. ಹೇಳಿದರೆ ಎಲ್ಲ ಬಿಟ್ಟು ಬರುತ್ತಿದ್ದೆ. ಬಂದು ಏನು ಮಾಡುತ್ತಿದ್ದೆ?

ಆಸ್ಪತ್ರೆಯವರು ಕೆಟ್ಟವರೇನಲ್ಲ. ಅಪ್ಪನ ಸರ್ಟಿಫಿಕೇಟಿನ ಅವಧಿ ಈ ವರ್ಷ ಮುಗಿಯುತ್ತದೆ. ಎಲ್ಲರೂ ಬರೆಯುವ ಪರೀಕ್ಷೆಯನ್ನು ಇವರೂ ಮತ್ತೆ ಬರೆಯಲಿ, ಪಾಸಾದರೆ ಇರಲಿ, ಇಲ್ಲದಿದ್ದರೆ ಗೌರವದಿಂದ ಕಳಿಸಿಕೊಡೋಣ ಎಂದರು. ಬರುವ ಗುರುವಾರ ಪರೀಕ್ಷೆ. ಅಪ್ಪನಿಗೆ ಓದಿಸುತ್ತಿರುವವಳು ನಾನು. ನಗು ಬಂತೇ? ಎಂ.ಎ.ಯಲ್ಲಿ ಛಂದಸ್ಸು ಓದಿದವಳು ಈಗ, ರೂಟರುಗಳು ದಾರಿ ಕಂಡುಕೊಳ್ಳುವ ಓಎಸ್‌ಪಿಎಫ್ ಎಂಬ ರೂಟಿಂಗ್ ಪ್ರೋಟೋಕಾಲ್‌ನಲ್ಲಿ ನೆಟ್‌ವರ್ಕ್ ಬಗೆಗಳು ಎಷ್ಟು, ಯಾವುದರಲ್ಲಿ ಚುನಾವಣೆ ನಡೆಯುತ್ತದೆ, ಯಾವುದರಲ್ಲಿ ಇಲ್ಲ ಎಂದು ಬಾಯಿಪಾಠ ಮಾಡುತ್ತೇನೆ. ಬೆಳಿಗ್ಗೆ ಬಸ್ಸಿನಲ್ಲಿ ನಾನು ಕಲಿಯುವುದು, ಸಂಜೆ ಊಟದ ಮೇಜಿನಲ್ಲಿ ಅಪ್ಪನಿಗೆ ಹೇಳುವುದು. ಈ ಉಪಕಾರಕ್ಕೆ ನನಗೊಂದು ಬಿರುದೂ ಸಿಕ್ಕಿದೆ, "ಮೇಡಂ".

ಮೇಜಿನ ಮೇಲೆ ಲೋಟಗಳನ್ನು ಜೋಡಿಸುತ್ತೇವೆ, ಅವೇ ರೂಟರುಗಳು. ನಿನ್ನ ಕಲ್ಲೂ ಒಂದು ರೂಟರು. ಅಪ್ಪ ಅದನ್ನು ಕೈಯಲ್ಲಿ ಹಿಡಿದು "ಇದು ಗುಬ್ಬಿ" ಎನ್ನುತ್ತಾರೆ, ಮೇಜಿನ ಆ ತುದಿಗೆ, ದೂರ ಇಡುತ್ತಾರೆ. ಮರೆತಿಲ್ಲ ನೋಡು.

ಮೊದಲು ಬ್ರಾಡ್‌ಕಾಸ್ಟ್. ಒಂದೇ ಅಂಗಳದಲ್ಲಿ ಹಲವರು. ಎಲ್ಲರೂ ಎಲ್ಲರ ಜೊತೆ ಸುದ್ದಿ ಹಂಚಿಕೊಂಡರೆ ಗದ್ದಲವೋ ಗದ್ದಲ, ಅದಕ್ಕೇ ತಮ್ಮೊಳಗೆ ಒಬ್ಬರನ್ನು ಮುಖ್ಯಸ್ಥರಾಗಿ ಆರಿಸಿಕೊಳ್ಳುತ್ತಾರೆ. ನಾನು ನಮ್ಮ ಕಟ್ಟಡದ ಕಾರ್ಯದರ್ಶಿಯನ್ನು ಉದಾಹರಣೆ ಕೊಟ್ಟೆ. ನೀರು ಬರಲಿಲ್ಲವೆಂದು ಎಲ್ಲರೂ ಅವರಿಗೆ ಹೇಳುತ್ತೇವೆ, ಅವರು ಎಲ್ಲರಿಗೂ ಹೇಳುತ್ತಾರೆ. ಅವರಿಗಿಂತ ಜಾಣರು ಆಮೇಲೆ ಬಾಡಿಗೆಗೆ ಬಂದರೂ ಕುರ್ಚಿ ಬದಲಾಗುವುದಿಲ್ಲ, ಕೂತವರು ಹೋಗುವ ತನಕ.

"ಅವರು ಎಲ್ಲಿ ಹೋಗ್ತಾರೆ, ಅಂಟು ಹಾಕ್ಕೊಂಡು ಕೂತಿದ್ದಾರೆ," ಎಂದರು ಅಪ್ಪ. ಆ ಕ್ಷಣ ಅವರು ಪೂರಾ ಹಳೆಯ ಅಪ್ಪ. ನಾನು ಇನ್ನೊಂದು ಹೋಲಿಕೆ ತೆಗೆದರೆ, "ಕವಿತೆ ಸಾಕು, ಕಮಾಂಡ್ ಹೇಳಿ" ಎಂದು ಗದರಿದರು. ಗದರಿಸಿಕೊಂಡು ಎಷ್ಟು ಖುಷಿಯಾಯಿತೆಂದರೆ ಎದ್ದು ಹೋಗಿ ಟೀ ಮಾಡಿಕೊಂಡು ಬಂದೆ.

ಪಾಯಿಂಟ್ ಟು ಪಾಯಿಂಟ್ ಸುಲಭ. ಒಂದು ತಂತಿ, ಈ ತುದಿಯಲ್ಲಿ ಒಬ್ಬರು, ಆ ತುದಿಯಲ್ಲಿ ಒಬ್ಬರು. ಚುನಾವಣೆ ಬೇಡ, ಮುಖ್ಯಸ್ಥರು ಬೇಡ. "ನಮ್ಮನೆ ಹಾಗೆ," ಎಂದೆ, "ಗುಬ್ಬಿ ಹೋದ ಮೇಲೆ ಇಲ್ಲಿ ಇಬ್ಬರೇ ಅಲ್ವಾ?"

"ಇಬ್ಬರಾ?" ಎಂದರು. ಲೋಟಗಳನ್ನು ಬೆರಳಿಟ್ಟು ಎಣಿಸಿದರು. ಆಮೇಲೆ ಮುಂದಿನ ಪಾಠ ಕೇಳಿದರು.

ನಾನ್-ಬ್ರಾಡ್‌ಕಾಸ್ಟ್ ಎಂಬುದೊಂದಿದೆ. ಅಲ್ಲಿಯೂ ಹಲವರಿರುತ್ತಾರೆ, ಆದರೆ ಕೂಗಿದರೆ ಯಾರಿಗೂ ಕೇಳಿಸುವುದಿಲ್ಲ. ಪಕ್ಕದಲ್ಲಿ ಯಾರಿದ್ದಾರೆಂದು ರೂಟರಿಗೆ ತಾನಾಗಿ ತಿಳಿಯದು, ಒಬ್ಬೊಬ್ಬರ ವಿಳಾಸವನ್ನೂ ನಾವೇ ಕೂತು ಬರೆದುಕೊಡಬೇಕು. ಇದನ್ನು ಓದಿದ ದಿನ ಬಸ್ಸಿನಲ್ಲಿ ನನ್ನ ಸ್ಟಾಪು ದಾಟಿಹೋಯಿತು. ನಾನು ಮಾಡುತ್ತಿರುವುದೇ ಇದಲ್ಲವೇ? ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿದರೆ ಸಾಕು, ಅಪ್ಪನ ಕಿವಿಯಲ್ಲಿ "ಮೇಲಿನ ಮನೆಯವರು, ಚಪ್ಪಲಿ ಅಂಗಡಿ ಇಟ್ಟಿದ್ದಾರೆ" ಎನ್ನುತ್ತೇನೆ. ಅಪ್ಪ ನಗುತ್ತಾ ಎದ್ದು, "ಬನ್ನಿ ಬನ್ನಿ, ವ್ಯಾಪಾರ ಹೇಗಿದೆ?" ಎನ್ನುತ್ತಾರೆ. ಮೊನ್ನೆ ಆ ಮನೆಯವರು ಹೋಗುವಾಗ ನನಗೆ, "ನಿಮ್ಮನೆಯವರ ನೆನಪಿನ ಶಕ್ತಿ ದೊಡ್ಡದಮ್ಮ, ನಮ್ಮ ಅಂಗಡಿ ಬಗ್ಗೆ ಮರೀದೆ ಕೇಳ್ತಾರೆ" ಎಂದರು.

ಪ್ರತಿ ಭಾನುವಾರ ನೀನು ಫೋನ್ ಮಾಡುವ ಮೊದಲೂ ಹೀಗೆಯೇ ಬರೆದುಕೊಡುತ್ತಿದ್ದೆ. ಹೇಗಿದ್ದೀಯಾ ಎಂದು ಕೇಳಿ, ಊಟ ಆಯ್ತಾ ಎಂದು ಕೇಳಿ. ಅದರಾಚೆ ಹೋದರೆ ಗೊತ್ತಾಗಿಬಿಡುತ್ತದೆಂದು ಫೋನನ್ನು ಕಿತ್ತುಕೊಳ್ಳುತ್ತಿದ್ದವಳು ನಾನು. ನೀನು ಕೋಪವೆಂದುಕೊಂಡದ್ದು ನನ್ನ ಅವಸರವನ್ನು.

ಇನ್ನೇನು ನೀನು ಫೋನ್ ಮಾಡುವ ಹೊತ್ತಾಯಿತು. ಗುರುವಾರ ಕಳೆದ ಮೇಲೆ ಮುಂದುವರಿಸುತ್ತೇನೆ.

ಶುಕ್ರವಾರ

ಗುಬ್ಬಿ, ಆಗಲಿಲ್ಲ.

ಹೇಳಬೇಕಾದದ್ದು ಇಷ್ಟೇ. ಆದರೂ ನಡೆದದ್ದನ್ನು ಬರೆಯುತ್ತೇನೆ, ಬರೆದರೆ ನನ್ನ ಎದೆಯಿಂದ ಒಂದಿಷ್ಟು ಇಳಿಯಬಹುದು.

ಬುಧವಾರ ಸಂಜೆ ಎಲ್ಲ ಸರಿಯಾಗಿ ಹೇಳಿದ್ದರು. ಒಂದು ಕಡೆ ಬ್ರಾಡ್‌ಕಾಸ್ಟ್, ಒಂದು ಕಡೆ ಪಾಯಿಂಟ್ ಟು ಪಾಯಿಂಟ್ ಆದರೆ ಏನಾಗುತ್ತದೆ ಎಂದು ಕೇಳಿದೆ. ಎರಡು ಲೋಟಗಳನ್ನು ಎದುರುಬದುರು ಇಟ್ಟು, ಮಕ್ಕಳಿಗೆ ಹೇಳುವ ಹಾಗೆ ಹೇಳಿದರು:

"ಈ ಕಡೆಯವನು ಏನಂದ್ಕೊಂಡಿದ್ದಾನೆ, ನಾವು ತುಂಬಾ ಜನ ಇರೋ ಅಂಗಳದಲ್ಲಿದ್ದೀವಿ ಅಂತ. ಆ ಕಡೆಯವನು ಏನಂದ್ಕೊಂಡಿದ್ದಾನೆ, ನಾವಿಬ್ಬರೇ ಅಂತ. ಇಬ್ಬರೂ ಹಲೋ ಅನ್ನೋ ಹೊತ್ತು ಒಂದೇ. ಅದಕ್ಕೇ ಯಾರಿಗೂ ಅನುಮಾನ ಬರಲ್ಲ. ಆದರೆ ಇವನು ಬರೆದ ನಕ್ಷೆಗೂ ಅವನು ಬರೆದ ನಕ್ಷೆಗೂ ತಾಳೆ ಆಗಲ್ಲ. ತಾಳೆ ಆಗದೆ ದಾರಿ ಹುಟ್ಟಲ್ಲ."

ಅಷ್ಟು ಚೆನ್ನಾಗಿ ಯಾವ ಪುಸ್ತಕದಲ್ಲೂ ಇರಲಿಲ್ಲ. ಪಾಸಾಗಿಬಿಡುತ್ತಾರೆ ಎಂದು ಆ ಸಂಜೆ ನಾನು ನಂಬಿದೆ. ನಂಬಿಕೊಂಡೇ ಅವರ ಅಂಗಿಗೆ ಇಸ್ತ್ರಿ ಹಾಕಿದೆ.

ಪರೀಕ್ಷೆಯ ಕೇಂದ್ರ ಎರಡನೆಯ ಮಹಡಿಯಲ್ಲಿ. ಗಡಿಯಾರ, ಪೆನ್ನು, ಪಾಕೀಟು ಎಲ್ಲವನ್ನೂ ಒಂದು ಪುಟ್ಟ ಕಪಾಟಿನಲ್ಲಿಟ್ಟು ಬೀಗ ಹಾಕಿಸಿದರು. ಅಪ್ಪ ಬರಿಗೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು. ಕ್ಯಾಮೆರಾದ ಮುಂದೆ ನಿಲ್ಲಿಸಿದ ಹುಡುಗಿಗೆ ನನ್ನನ್ನು ತೋರಿಸಿ, "ಇವರು ಒಳಗೆ ನನ್ನ ಪಕ್ಕ ಕೂರಬಹುದಾ?" ಎಂದು ಕೇಳಿದರು.

"ಇಲ್ಲ ಸರ್, ಒಬ್ಬರೇ ಹೋಗಬೇಕು."

"ಮಾತಾಡಲ್ಲ ಅವರು. ಸುಮ್ಮನೆ ಕೂತಿರ್ತಾರೆ."

"ಆಗಲ್ಲ ಸರ್."

ಗಾಜಿನ ಬಾಗಿಲು ಮುಚ್ಚುವ ಮುಂಚೆ ಒಮ್ಮೆ ತಿರುಗಿ ನೋಡಿದರು. ನಿನ್ನನ್ನು ಮೊದಲ ದಿನ ಶಾಲೆಗೆ ಬಿಟ್ಟಾಗ ನೀನು ತಿರುಗಲೇ ಇಲ್ಲ, ಓಡಿಬಿಟ್ಟೆ. ಅಪ್ಪ ತಿರುಗಿದರು.

ಜಿರಾಫೆ ರಜೆ ಹಾಕಿ ಬಂದಿದ್ದ. ಇಬ್ಬರೂ ಬೆಂಚಿನ ಮೇಲೆ ಕುಳಿತೆವು. ಅವನ ಮೊಣಕಾಲು ಎದುರು ಗೋಡೆಗೆ ತಾಗುತ್ತಿತ್ತು. ಅಪ್ಪ ಬಹಳ ಬೇಗ ಹೊರಗೆ ಬಂದರು, ನಗುತ್ತಾ ಬಂದರು.

"ಹೇಗಿತ್ತು ಸರ್?"

"ಎಲ್ಲಾ ಫುಲ್ ಬಂತು," ಎಂದರು.

ಜಿರಾಫೆ ಎದ್ದು ನಿಂತವನು ಮತ್ತೆ ಕೂತ. "ದಾರಿ?" ಎಂದು ಕೇಳಲು ಬಾಯಿ ತೆರೆದದ್ದು ಕಂಡಿತು.

ಫಲಿತಾಂಶದ ಹಾಳೆಯನ್ನು ಹುಡುಗಿ ನನ್ನ ಕೈಗೆ ಕೊಟ್ಟಳು. ಅರ್ಧಕ್ಕಿಂತ ಹೆಚ್ಚು ಪ್ರಶ್ನೆಗಳನ್ನು ಅಪ್ಪ ಮುಟ್ಟಿಯೇ ಇರಲಿಲ್ಲ. ಜಿರಾಫೆ ಹಾಳೆಯನ್ನು ಇಸಿದುಕೊಂಡು, ಮಡಚಿ ಮಡಚಿ ಬೆರಳಿನಷ್ಟು ಮಾಡಿ ಜೇಬಿಗೆ ಹಾಕಿಕೊಂಡ. "ಬನ್ನಿ ಸರ್, ಟೀ ಕುಡಿಯೋಣ" ಎಂದು ಅಪ್ಪನ ಹೆಗಲ ಮೇಲೆ ಕೈಯಿಟ್ಟು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಅಪ್ಪ ಮೇಲೆ ನೋಡಿ, "ಎಷ್ಟು ಉದ್ದ ಇದ್ದೀಯಪ್ಪ ನೀನು, ಜಿರಾಫೆ ಹಾಗೆ" ಎಂದರು. ಹೊಸಬರನ್ನು ಕಂಡು ಹೇಳುವ ಹಾಗೆ ಹೇಳಿದರು.

ತಿಂಗಳ ಕೊನೆಗೆ ಕೆಲಸ ಮುಗಿಯುತ್ತದೆ. ಹೂವಿನ ಹಾರ ಹಾಕುತ್ತಾರಂತೆ. ಬಾಗಿಲಿಗೆ ಅಂಟಿಸಿದ್ದ ಅಪ್ಪನ ಚೀಟಿಯನ್ನು ಕೀಳುವುದಿಲ್ಲ ಎಂದು ಜಿರಾಫೆ ಹೇಳಿದ.

ಇವತ್ತು ಸಂಜೆ ನಾನು ಕೆಲಸದಿಂದ ಬರುವಷ್ಟರಲ್ಲಿ ಅಪ್ಪ ಮೇಜಿನ ಮೇಲೆ ಲೋಟಗಳನ್ನು ಜೋಡಿಸಿಟ್ಟಿದ್ದರು. ನಿನ್ನ ಕಲ್ಲು ಆ ತುದಿಯಲ್ಲಿ ಇತ್ತು.

"ಪರೀಕ್ಷೆ ಯಾವತ್ತು?" ಎಂದು ಕೇಳಿದರು.

"ಇನ್ನೂ ಸಮಯ ಇದೆ," ಎಂದೆ.

ಮೊದಲಿನಿಂದ ಶುರು ಮಾಡಿದೆವು. ಒಂದೇ ಅಂಗಳದಲ್ಲಿ ಹಲವರು. ಇನ್ನು ಮೇಲೆ ದಿನಾ ಇದೇ ಮಾಡುತ್ತೇನೆ, ಯಾವ ಪರೀಕ್ಷೆಗೂ ಅಲ್ಲ. ಆ ಮೇಜಿನ ಮುಂದೆ ಕೂತಷ್ಟು ಹೊತ್ತು ಅವರು ಯಾರೆಂದು ಅವರಿಗೆ ಗೊತ್ತಿರುತ್ತದೆ. ಅದೂ ಎಷ್ಟು ದಿನವೋ. ಮೊನ್ನೆ ಇಟ್ಟ ಲೋಟಗಳಿಗಿಂತ ಇವತ್ತು ಕಡಿಮೆ ಇಟ್ಟಿದ್ದರು.

ಮುಂದಿನ ತಿಂಗಳು ಬರುತ್ತೇನೆಂದು ಬರೆದಿದ್ದೀಯ. ಬಾ. ಇದಕ್ಕಾಗಿ ಕೆಲಸ ಬಿಡಬೇಡ, ಬಂದು ಹೋಗು. ಕಲ್ಲುಬಂಡೆಗಳ ಮೇಲೆ ನಡೆಯುವಾಗ ಆಕಾಶ ನೋಡುತ್ತಾ ನಡೆಯಬೇಡ, ಆ ಅಭ್ಯಾಸ ನನ್ನಿಂದಲೇ ಬಂದದ್ದೆಂದು ಗೊತ್ತು. ನಿನ್ನ ಕಾಲು ಗಟ್ಟಿಯಾಗಿರಲಿ, ಗಂಟಲು ತಣ್ಣಗಿರಲಿ, ಇಟ್ಟ ಹೆಜ್ಜೆಗೆ ನೆಲ ಸಿಗಲಿ. ಅಪ್ಪನ ಆಶೀರ್ವಾದವೂ ಇದರಲ್ಲಿ ಸೇರಿದೆ. ಈಗ ತಾನೇ ಕಲ್ಲನ್ನು ಕೈಯಲ್ಲಿ ಹಿಡಿದು ಸವರುತ್ತಾ ಕೂತಿದ್ದರು.

ನಿನ್ನ
ಅಮ್ಮ

ಮ.ವಿ.: ಲಕೋಟೆ ಅಂಟಿಸಿದವಳು ಮತ್ತೆ ಬಿಡಿಸಿದೆ. ಒಂದು ವಿಷಯವನ್ನು ಬರೆಯದೆ ಮುಗಿಸಿದ್ದೆ. ಬಂದಾಗ ಗಾಬರಿಯಾಗುತ್ತೀಯ, ಅದಕ್ಕೆ ಹೇಳಿಬಿಡುತ್ತೇನೆ. ನೀನು ಬಂದಾಗ ಅಪ್ಪನ ಮುಂದೆ ನನ್ನನ್ನು ಅಮ್ಮ ಎಂದು ಕರೆಯಬೇಡ. ಮೇಡಂ ಎನ್ನು. ಅದು ಬಿರುದಲ್ಲ, ಗುಬ್ಬಿ, ತಮಾಷೆಯೂ ಅಲ್ಲ. ಅಪ್ಪ ನನ್ನನ್ನು ಪಾಠ ಹೇಳಲು ಬರುವವಳು ಎಂದುಕೊಂಡಿದ್ದಾರೆ. ಇಷ್ಟು ದಿನ ಪಾಠ ಮುಗಿದ ಮೇಲೆ, "ಕತ್ತಲಾಗ್ತಿದೆ ಮೇಡಂ, ನೀವು ಹೊರಡಿ. ನನ್ನ ಹೆಂಡತಿ ಬರೋ ಹೊತ್ತಾಯ್ತು, ಇದ್ದಿದ್ರೆ ಪರಿಚಯ ಮಾಡಿಸ್ತಿದ್ದೆ" ಎನ್ನುತ್ತಿದ್ದರು. ನಾನು ಚೀಲ ತೆಗೆದುಕೊಂಡು ಮೆಟ್ಟಿಲಿಳಿದು, ಕೆಳಗೆ ಅಂಚೆಪೆಟ್ಟಿಗೆಗಳ ಹತ್ತಿರ ಸ್ವಲ್ಪ ನಿಂತು, ಮತ್ತೆ ಹತ್ತಿ ಬಂದು ಗಂಟೆ ಒತ್ತುತ್ತಿದ್ದೆ. ಬಾಗಿಲು ತೆರೆದು, "ಬಂದೆಯಾ? ಇಷ್ಟು ಹೊತ್ತು ಮಾಡೋದಾ?" ಎಂದು ಬೈಯುತ್ತಿದ್ದರು. ಆ ಬೈಗುಳಕ್ಕಾಗಿ ನಾನು ದಿನಾ ಇಳಿದು ಹತ್ತುತ್ತಿದ್ದೆ. ಇವತ್ತೂ ಹಾಗೇ ಇಳಿದೆ, ಹತ್ತಿದೆ, ಗಂಟೆ ಒತ್ತಿದೆ. ಬಾಗಿಲು ತೆರೆದು, "ಏನಾದ್ರೂ ಮರೆತು ಹೋದ್ರಾ ಮೇಡಂ?" ಎಂದರು. ನಿಮ್ಮ ಮನೆಯವರು ಬರುವ ತನಕ ಕೂತಿರಲಾ ಎಂದು ಕೇಳಿದೆ. "ಕೂತ್ಕೊಳ್ಳಿ, ಕೂತ್ಕೊಳ್ಳಿ. ಈಗ ಬಂದುಬಿಡ್ತಾಳೆ," ಎಂದು ಕುರ್ಚಿ ಎಳೆದುಕೊಟ್ಟರು. ಇಬ್ಬರೂ ಬಾಗಿಲ ಕಡೆ ನೋಡುತ್ತಾ ಅವಳಿಗಾಗಿ ಕಾದು ಕುಳಿತೆವು.